ನಡುವೆ ಯಾರೂ ಇಲ್ಲ

ಎರಡು ಪೆಟ್ಟಿಗೆ. ಎಡದ್ದು ಕೋಡಿಬಾಗದಿಂದ ಆಟೋದಲ್ಲಿ ಬಂತು,
ಬಲದ್ದು ಸದಾಶಿವಗಡದಿಂದ, ಕಾಳಿ ಸೇತುವೆ ದಾಟಿ,
ಮೀನಿನ ಟೆಂಪೋದ ಹಿಂಬದಿಯಲ್ಲಿ ಗೋಣಿ ಹೊದ್ದು.
ಒಂದೊಂದೂ ಹದಿನಾರು ಕಿಲೋ.
ನಾಲ್ಕನೇ ಮಹಡಿ. ಲಿಫ್ಟು ಕೆಟ್ಟಿತ್ತು.

ಗುನಗಿ, ಹೊಸ ಟೀವಿಗೆ ಇವನ್ನೇ ಕಟ್ಟು, ಅಂದರು ಅವ್ರೆಲಿನ್ ಬಾಯಿ.
ಬಾಯಿ, ಈಗೆಲ್ಲ ಐದು ಸ್ಪೀಕರು, ಅಂಗೈಯಷ್ಟು ಡಬ್ಬಿ,
ಗೋಡೆಗೆ ಮೊಳೆ ಹೊಡೆದರೆ ಮುಗೀತು,
ಹೆಲಿಕಾಪ್ಟರು ನಿಮ್ಮ ಬೆನ್ನ ಹಿಂದಿಂದ ಹೊರಟು
ನೆತ್ತಿಯ ಮೇಲೇ ಹಾಯುತ್ತದೆ, ಅಂದೆ.
ನೌಕಾನೆಲೆಯದು ದಿನಾ ಹಾಯುತ್ತದೆ, ಅಂದರು. ಪುಕ್ಕಟೆ.

ಕತೆ ಇಷ್ಟೇ. ಅಜ್ಜ ಹಡಗಿನಲ್ಲಿ ಅಡುಗೆಯವನು.
ಎಪ್ಪತ್ತೇಳರಲ್ಲಿ ಕೋಬೆ ಬಂದರಿನಿಂದ ತಂದ ಜೋಡಿ.
ಅವನು ತೀರಿದ ಮೇಲೆ ಕಾಯ್ತಾನ್, ಜುವಾಂವ್ ಪಾಲಾದರು:
ತೆಂಗು ಎಣಿಸಿ, ದೋಣಿ ಎಣಿಸಿ, ಬಲೆ ಅಳೆದು,
ಕಡೆಗೆ ಜಗಲಿಯಲ್ಲಿ ಉಳಿದವು ಇವು.
ನಿನಗೊಂದು, ನನಗೊಂದು.
ಒಂದೇ ಜೋಡು ಚಪ್ಪಲಿಯನ್ನು ಇಬ್ಬರು ಹಂಚಿಕೊಂಡ ಹಾಗೆ.
ಪಂಚರೂ ತಲೆದೂಗಿದರಂತೆ, ಸರಿಯಾಯಿತೆಂದು.

ಕ್ಯಾಸೆಟ್ಟು ಮಾತ್ರ ಎರಡೂ ಮನೆಗೆ ಒಂದೇ,
ಅಜ್ಜನೇ ಎರಡು ಪ್ರತಿ ಮಾಡಿಸಿಟ್ಟಿದ್ದ.
ಅದರಲ್ಲಿ ಎಡಕ್ಕೆ ಹಾಡುವವಳು, ಬಲಕ್ಕೆ ಮ್ಯಾಂಡೊಲಿನ್.
ಆಗ ಹಾಗೇ ಮಾಡುತ್ತಿದ್ದರು, ಸ್ಟೀರಿಯೋ ಹೊಸ ಆಟಿಕೆ.
ಕೋಡಿಬಾಗದ ಮಕ್ಕಳು ತಂತಿಯಿಲ್ಲದ ಹಾಡು ಕಲಿತರು,
ಸದಾಶಿವಗಡದವರು ಮಾತಿಲ್ಲದ ರಾಗ.
ನನಗೆ ಇಪ್ಪತ್ತಾರಾಗುವವರೆಗೂ, ಅಂದರು ಬಾಯಿ,
ಅದೇ ಯೋಚನೆ. ಎರಡನೇ ಸಾಲು ಮುಗಿದ ಮೇಲೆ
ಅವಳು ಯಾಕೆ ಅಷ್ಟು ಹೊತ್ತು ಸುಮ್ಮನಿರುತ್ತಾಳೆ?
ದುಃಖ ಅಂದುಕೊಂಡಿದ್ದೆ.

ಹಿಂದಿನ ಹಲಗೆ ಬಿಚ್ಚಿದೆ.
ಕೋಡಿಬಾಗದ್ದರಲ್ಲಿ ಉಪ್ಪುಗಾಳಿ ತಿಂದ ಸ್ಕ್ರೂಗಳು, ಹಲ್ಲಿಮೊಟ್ಟೆಯ ಸಿಪ್ಪೆ.
ಸದಾಶಿವಗಡದ್ದರಲ್ಲಿ ಇಲಿ ಕಡಿದ ಕೋನು; ಆ ತೂತಿಗೆ ಯಾರೋ
ಪ್ರಾರ್ಥನೆ ಪುಸ್ತಕದ ಹಾಳೆ ಹರಿದು ಮೈದಾ ಅಂಟಿನಲ್ಲಿ ತೇಪೆ ಹಾಕಿದ್ದರು.
ಗಟ್ಟಿಯಾಗಿತ್ತು. ಕೀಳಲಿಲ್ಲ.
ಸುತ್ತಲಿನ ಫೋಮು ಎರಡರಲ್ಲೂ
ಹಳೇ ಹುಣಸೆಯ ಹಾಗೆ ಬೆರಳಿಗೆ ಹತ್ತಿತು.
ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಲಿ
ಹೊಸ ಉಂಗುರ ತರಿಸಿದೆ, ಎರಡಕ್ಕೂ ಒಂದೇ ಅಳತೆ.

ಹೊಸ ಯಂತ್ರ ಟೀವಿ ಪರದೆಯ ಮೇಲೆ,
ಖಾನೇಷುಮಾರಿಗೆ ಬಂದ ಮಾಸ್ತರರ ಹಾಗೆ, ಕೇಳುತ್ತ ಹೋಯಿತು:
ಹಿಂದಿನ ಸ್ಪೀಕರ್ ಇವೆಯೇ? ಇಲ್ಲ.
ಸಬ್‌ವೂಫರ್? ಇಲ್ಲ.
ನಡುವಿನದು?
ಇಲ್ಲ, ಒತ್ತಿದೆ.

ಮೊದಲು ವಾರ್ತೆ ಹಾಕಿದೆ. ಓದುವವಳ ದನಿ
ಎಲ್ಲೂ ನಿಲ್ಲುತ್ತಿಲ್ಲ. ಎದೆಯೇ ಇಲ್ಲ ಅದಕ್ಕೆ,
ಬಾವಿಗೆ ಬಿದ್ದವಳು ಗೋಡೆಯ ಮೂಲಕ ಕರೆದ ಹಾಗೆ.
ಮೂವತ್ತು ವರ್ಷದ ಕೆಲಸ, ಹೊಳೆಯಿತು:
ಒಂದರ ಒಳಗೆ ಕೆಂಪು ಕಪ್ಪು ಅದಲುಬದಲು.
ಇದು ಮುಂದೆ ತಳ್ಳಿದಾಗ ಅದು ಹಿಂದೆ ಎಳೆಯುತ್ತದೆ.
ಎರಡೂ ಪಾಪ ಪೂರ್ತಿ ದುಡಿಯುತ್ತವೆ,
ಗಾಳಿ ಮಾತ್ರ ಅಲ್ಲೇ ಸಾಯುತ್ತದೆ.
ಯಾವ ಮನೆಯದು ತಪ್ಪಿತ್ತು? ಬಾಯಿ ಕೇಳಿದರು.
ಹೇಳಲಿಲ್ಲ. ಯಾವುದನ್ನು ತಿರುಗಿಸಿದರೂ ಸರಿಹೋಗುತ್ತಿತ್ತು.

ತಿರುಗಿಸಿದೆ. ಓದುವವಳು ಬಂದು ನಿಂತಳು
ಟೀವಿಯ ಸರಿ ನಟ್ಟನಡುವೆ, ಎರಡೂ ಪೆಟ್ಟಿಗೆಯಿಂದ ನಾಲ್ಕು ಅಡಿ ದೂರ,
ಉಸಿರು ಸಮೇತ.
ಬಾಯಿ ಎದ್ದು ಹೋಗಿ ಅಲ್ಲಿ ಕೈಯಾಡಿಸಿದರು.
ಪರದೆ, ಗೋಡೆ, ಒಂದು ಸ್ವಿಚ್‌ಬೋರ್ಡು.

ಆಮೇಲೆ ಹಾಡು. ಮಡಗಾಂವಿನಲ್ಲಿ ಪೆನ್‌ಡ್ರೈವಿಗೆ ಹಾಕಿಸಿ ತಂದಿದ್ದರು.
ಎಡಕ್ಕೆ ಅವಳು. ಒಂದು ಸಾಲು. ಎರಡು.
ನಿಲ್ಲಿಸಿದಳು.
ಬಲದಿಂದ ಮ್ಯಾಂಡೊಲಿನ್, ತೇಪೆ ಹಾಕಿದ ಕೋನಿನೊಳಗಿಂದ,
ತುಸು ಗೊಗ್ಗರು, ಅವಸರವಿಲ್ಲದೆ,
ಅವಳು ಬಿಟ್ಟ ಮಾತನ್ನೇ ಹಿಡಿದು
ಅಂಗಳ ದಾಟಿಸಿ, ಹೊಳೆ ದಾಟಿಸಿ, ತಂದೊಪ್ಪಿಸಿತು.
ಅವಳು ಮತ್ತೆ ಶುರು.

ಅಯ್ಯೋ, ಅಂದರು ಬಾಯಿ, ಸುಮ್ಮನಿದ್ದದ್ದಲ್ಲ.
ಕೇಳುತ್ತಿದ್ದಳು.

ನಾನು ದುಡ್ಡಿಗೆ ಬಂದವನು.
ಇವು ನಾಲ್ಕು ಓಮ್‌ನವು, ವಾಲ್ಯೂಮು ನಲವತ್ತು ದಾಟಿಸಬೇಡಿ,
ಯಂತ್ರ ಕಾಯುತ್ತದೆ ಅಂದೆ. ಬಿಲ್ಲು ಬರೆದೆ.
ಜುವಾಂವ್ ಚಿಕ್ಕಪ್ಪನಿಗೆ ಫೋನು ಹೋಗುತ್ತಿತ್ತು,
ಮೊಬೈಲನ್ನು ಸೋಫಾದ ನಡುವೆ ಇಟ್ಟು.

ಕದ ಮುಚ್ಚಿಕೊಂಡಿತು. ಹೊರಗೆ ಎಡ ಯಾವುದು
ಬಲ ಯಾವುದು ತಿಳಿಯಲಿಲ್ಲ, ಎರಡನೇ ಮಹಡಿಯವರೆಗೂ ಕೇಳಿತು.
ಚೀಲ ಹಗುರೆನಿಸಿ ನೋಡಿದರೆ, ಪಕ್ಕಡ ಅಲ್ಲೇ ಬಿಟ್ಟಿದ್ದೆ.
ಮತ್ತೆ ಹತ್ತಲಿಲ್ಲ.