ಕೆಳಗಿನವರು ಮಲಗಿದ್ದಾರೆ

ಸೇತುವೆಯಾಚೆ ಮನಾಮದಲ್ಲಿ ಸ್ಪರ್ಧೆ, ಇನ್ನು ಹನ್ನೊಂದು ವಾರ.
ಅರ್ಜಿಯಲ್ಲಿ ಒಂದೇ ಸಾಲು ಖಾಲಿ: ನೃತ್ಯದ ಹೆಸರು.

ಮುಹರ್ರಕ್ಕಿನ ಹಳೇ ಬೀದಿ. ಕೆಳಗೆ ಪರದೆ ಬಟ್ಟೆಯ ಅಂಗಡಿ,
ಮೇಲೆ ನಮ್ಮ ಬ್ಯಾಲೆ ಕ್ಲಾಸು. ಎಸಿ ಹನಿಯುವಲ್ಲಿ ಒಂದು ಬಕೆಟ್ಟು,
ಅದರ ಟಪ್ ಟಪ್ಪಿಗೇ ಚಿಕ್ಕವರು ಮೊಣಕಾಲು ಮಡಿಸಿ ಏಳುತ್ತಾರೆ.
ಹಲಗೆ ನೆಲ ನಾನೇ ಹಾಕಿಸಿದ್ದು, ಹಡಗಿನಲ್ಲಿ ಬಂದ ಪೆಟ್ಟಿಗೆಗಳ ಮರ;
ಒಂದೆರಡು ಕಡೆ ಇನ್ನೂ ಓದಬಹುದು,
ಈ ಬದಿ ಮೇಲಿರಲಿ.

ಉಳಿದ ಹುಡುಗಿಯರದೆಲ್ಲ ಆಗಿಹೋಯಿತು.
ಮೂವರು ಹಂಸ, ಇಬ್ಬರು ಬೀಸಣಿಗೆ,
ಒಬ್ಬಳ ಅಮ್ಮ ಕೆಂಪು ಸ್ಕರ್ಟು ತರಿಸಿಯೇ ಬಿಟ್ಟಿದ್ದಾಳೆ,
ಸ್ಕರ್ಟಿಗೆ ತಕ್ಕ ನೃತ್ಯ ನಾನು ಹುಡುಕಿಕೊಡಬೇಕಂತೆ.
ಇನ್ನುಳಿದವಳು ಡಿಯಾಂಡ್ರ.

ಹದಿನಾಲ್ಕು ವರ್ಷ. ಉದ್ದ ಕೈ, ಗಿಡ್ಡ ಜಿಗಿತ.
ಎತ್ತರದ ಮಾತೆತ್ತಿದರೆ ಕಿವಿ ಕೆಂಪಾಗುತ್ತದೆ.
"ಟೀಚರ್, ನನಗೂ ಹಂಸವೇ ಇರಲಿ" ಎನ್ನುತ್ತಾಳೆ,
ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸಿದ್ದೇ ಸಾಕು ಎಂಬ ಹಾಗೆ.
ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ.

ಒಂದು ಸಂಜೆ ಕನ್ನಡಿಗೆ ಬೆನ್ನು ಹಾಕಿ
ಯಾರದೋ ಶೂಗೆ ರಿಬ್ಬನ್ ಹೊಲಿಯುತ್ತಿದ್ದೆ.
ಹಿಂದೆ ಹುಡುಗಿಯರು ಒಬ್ಬೊಬ್ಬರಾಗಿ ಜಿಗಿಯುತ್ತಿದ್ದರು:
ಧಪ್. ಧಪ್. ಧಪ್.
ಆಮೇಲೆ ಏನೂ ಇಲ್ಲ.
ಆಮೇಲೆ ಮತ್ತೆ ಧಪ್.
ಆ ಏನೂ ಇಲ್ಲದ್ದು ಯಾರೆಂದು ತಿರುಗಿ ನೋಡಿದೆ.

"ಇಳಿಯೋದನ್ನ ಎಲ್ಲಿ ಕಲಿತೆ?"
"ಕಲಿತದ್ದಲ್ಲ ಟೀಚರ್. ಕೆಳಗಿನ ಮನೆಯಲ್ಲಿ ಝರ್‌ವಲಿ ಚಾಚಾ,
ರಾತ್ರಿಯಿಡೀ ತಂದೂರಿನೊಳಗೆ ಕೈಯಿಟ್ಟು ರೊಟ್ಟಿ ಬಡಿದು
ಹಗಲು ಮಲಗುವವರು. ಅಮ್ಮ ಹೇಳಿದ್ದಳು,
ಕುಣಿ, ಬೇಡ ಅನ್ನೋದಿಲ್ಲ, ಅವರ ನಿದ್ದೆ ತುಳಿಯಬೇಡ.
ಆರು ವರ್ಷ ಆಯ್ತು."

ಆ ರಾತ್ರಿ ಲಮಾರಾ ಮೇಡಮ್ಮಿನ ನೋಟುಪುಸ್ತಕ ತೆಗೆದೆ.
ಬಾಂದ್ರಾದ ಗ್ಯಾರೇಜೊಂದರಲ್ಲಿ ನನಗೆ ಕಲಿಸಿದವಳು,
ಅರ್ಥವಾಗದ ಲಿಪಿ, ಅರ್ಥವಾಗುವ ಕಡ್ಡಿಗೊಂಬೆಗಳು.
ಪೂರ್ತಿ ಬ್ಯಾಲೆ ಈಗ ಯಾರೂ ಆಡುವುದಿಲ್ಲ, ಕಥೆ ನನಗೂ ಅರ್ಧಂಬರ್ಧ:
ಯಾವುದೋ ಅರಮನೆ, ಯಾರದೋ ಮದುವೆ,
ಎಲ್ಲರೂ ಕುಡಿದು ಬಿದ್ದಲ್ಲೇ ನಿದ್ದೆಹೋದ ಮೇಲೆ
ಅಡುಗೆಮನೆಯ ಹುಡುಗಿ ಬರುತ್ತಾಳೆ, ದೀಪ ಆರಿಸಲು.
ಹೆಸರಿಲ್ಲ ಅವಳಿಗೆ. ಒಂದು ನಿಮಿಷ ನಲವತ್ತು ಸೆಕೆಂಡು.
ಜಿಗಿಯಬೇಕು, ದೀಪಗಳು ಎತ್ತರದಲ್ಲಿವೆ;
ಎಬ್ಬಿಸಬಾರದು, ಜನ ನೆಲದ ಮೇಲಿದ್ದಾರೆ.
ಇರುವುದು ಒಂದೇ ಪಿಟೀಲು, ಅದೂ ಕೊನೆಗೆ ಬಾಯಿ ಮುಚ್ಚುತ್ತದೆ:
ಹದಿನಾರು ಎಣಿಕೆ, ಎಂಟು ಜಿಗಿತ, ಬರೀ ಉಸಿರು.
ಅಂಚಿನಲ್ಲಿ ಮೇಡಂ ಹರುಕುಮುರುಕು ಹಿಂದಿಯಲ್ಲಿ ಬರೆದಿದ್ದಳು:
ನನ್ನಿಂದ ಆಗಲಿಲ್ಲ. ನೆಲ ಚಾಡಿ ಹೇಳಿತು.
ಅದರ ಕೆಳಗೆ ನನ್ನದೇ ಅಕ್ಷರ, ಇಪ್ಪತ್ತರ ವಯಸ್ಸಿನದು:
ನನ್ನಿಂದಲೂ.

ಅವಳ ಅಪ್ಪ ಹಿದ್ದಿನ ಡ್ರೈಡಾಕಿನಿಂದ ನೇರ ಬಂದರು,
ಬೂಟು ಬಾಗಿಲಲ್ಲೇ ಕಳಚಿ.
"ಯಾರೂ ಕೇಳದ ನೃತ್ಯ, ಹೆಸರಿಲ್ಲದ ಪಾತ್ರ, ಕೊನೆಗೆ ಸಂಗೀತವೂ ಇಲ್ಲ.
ಫೀಸು ಮಾತ್ರ ಉಂಟಲ್ಲ ಟೀಚರ್?"
ನಕ್ಕರು, ನಾನೂ ನಕ್ಕೆ. ಅವಳು ನಗಲಿಲ್ಲ.
ಕಡ್ಡಿಗೊಂಬೆಗಳ ಮೇಲೆ ಬೆರಳಾಡಿಸುತ್ತ ಕೇಳಿದಳು:
"ಕೊನೆಯ ದೀಪ ಆರಿಸಿದ ಮೇಲೆ
ಅವಳು ವಾಪಸು ಹೋಗೋದು ಹೇಗೆ?"
ಇಷ್ಟು ವರ್ಷದಲ್ಲಿ ನನಗಿದು ಹೊಳೆದೇ ಇರಲಿಲ್ಲ.
ನಾನು ಕೇಳಿಸಿಕೊಂಡದ್ದು ನೆಲವನ್ನಷ್ಟೇ.

ಮೊನ್ನೆ ಅವಳ ಅಮ್ಮನ ಫೋನು.
ಝರ್‌ವಲಿ ಚಾಚಾ ಬಿಸಿ ರೊಟ್ಟಿ ಹಿಡಿದು ಮೆಟ್ಟಿಲು ಹತ್ತಿ ಬಂದಿದ್ದರಂತೆ:
"ಮಗುವಿಗೆ ಹುಷಾರಿಲ್ಲವಾ?
ದಿನಾ ನಾಲ್ಕು ಗಂಟೆಗೆ ನನ್ನ ಫ್ಯಾನು ಒಂದಿಷ್ಟು ನಡುಗುತ್ತಿತ್ತು,
ನಡುಗಿದ ಮೇಲೇ ನನಗೆ ನಿದ್ದೆ.
ಈ ವಾರ ನಡುಗಲೇ ಇಲ್ಲ."

ಡಿಯಾಂಡ್ರಳಿಗೆ ಇದನ್ನಿನ್ನೂ ಹೇಳಿಲ್ಲ.
ಅರ್ಜಿ ಹೋಗಿಯಾಯಿತು.
ಬಕೆಟ್ಟು ತುಂಬಿದೆ, ಚೆಲ್ಲಿ ಬರುತ್ತೇನೆ.