ಮಗುಚುವ ದಿನ

ಸೆಲೆಸ್ಟಿನ್ ಬಾಯಿ ಅಂಗೈಯನ್ನು ನಂಬುವುದಿಲ್ಲ.
ಕೈ ಮಗುಚಿ, ಬೆರಳ ಹಿಂಗಂಟುಗಳನ್ನು
ರಾಶಿಯೊಳಗೆ ತೂರಿಸಿ
ಕಣ್ಣು ಮುಚ್ಚುತ್ತಾಳೆ,
ಕಂಕನಾಡಿಯ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ
ಮಕ್ಕಳ ಹಣೆ ನೋಡಿದ ಹಾಗೆ.

ಥರ್ಮಾಮೀಟರ್ ಉಂಟು, ಮೂರಡಿ ಉದ್ದದ್ದು,
ಗೋಡೆಯ ಮೊಳೆಯಲ್ಲಿ ನೇತಾಡುತ್ತದೆ.
"ಅದು ಇನ್ಸ್‌ಪೆಕ್ಟರ್ ಬಂದಾಗ," ಎನ್ನುತ್ತಾಳೆ.

ನಾನು ಟೆಂಪೋ ಹಿಂದಕ್ಕೆ ತಂದು ನಿಲ್ಲಿಸುತ್ತೇನೆ.
"ಎಂತ ತಂದೆ ನೌಫಲ್?"
ಬಂದರಿನ ಫ್ಯಾಕ್ಟರಿಯದ್ದು ಎರಡು ಡ್ರಮ್ಮು ಬೂತಾಯಿ ತಲೆ;
ಐಸ್‌ಕ್ರೀಮಿನವರ ಮಾವಿನ ಸಿಪ್ಪೆ, ನೊಣ ಸಮೇತ;
ಮದುವೆ ಹಾಲಿನ ಎಂಟುನೂರು ಬಾಳೆಲೆ,
ಅರ್ಧಕ್ಕೆ ಮಡಚಿದ್ದು, ಒಳಗೆ ಇನ್ನೂ ಪಾಯಸ;
ಫ್ಲ್ಯಾಟಿನ ಬಕೆಟ್ಟುಗಳಲ್ಲಿ
ನೀರುಳ್ಳಿ ಸಿಪ್ಪೆ, ಚಾ ಹುಡಿ, ಮೊನ್ನೆಯ ಕುಚ್ಚಲನ್ನ.
ಮೂರನೇ ಮಾಳಿಗೆಯವರದ್ದು ಯಾವಾಗಲೂ
ಗಂಟು ಕಟ್ಟಿದ ತೊಟ್ಟೆ.
ತೊಟ್ಟೆ ಬಿಡಿಸುವಾಗ ಮಾತ್ರ ಅವಳು ಬೈಯುವುದು,
ಕೊಂಕಣಿಯಲ್ಲಿ, ನನಗೆ ಅರ್ಥವಾಗದ ಹಾಗೆ.
ಅರ್ಥವಾಗುತ್ತದೆ.

ನಾರಿನ ಹುಡಿ ಒಂದು ಹಾಸು, ಮೀನು ಒಂದು ಹಾಸು,
ಮೇಲೆ ಹಳೆಯ ಗೊಬ್ಬರ ಒಂದು ಹಿಡಿ,
ಹೆಪ್ಪಿಗೆ ಮಜ್ಜಿಗೆಯ ಹಾಗೆ.

ನಾನು ಸೇರಿದ ಮೂರನೇ ದಿನ ಬೆಳಿಗ್ಗೆ
ರಾಶಿ ಹೊಗೆಯಾಡಿತು.
ಬೆಂಕಿ ಬಿತ್ತೆಂದು ಪೈಪು ಎಳೆದುಕೊಂಡು ಓಡಿದವನು ನಾನು.
ಅವಳು ನಕ್ಕು ನಕ್ಕು ಕೂತೇಬಿಟ್ಟಳು.
"ಜ್ವರ ಮಾರಾಯ, ಒಳ್ಳೆ ಜ್ವರ.
ಆಸ್ಪತ್ರೆಯಲ್ಲಿ ಇಳಿದರೆ ಖುಷಿ.
ಇಲ್ಲಿ ಇಳಿದರೆ ಮಗುಚಬೇಕು."

ಮಗುಚಿದೆವು. ವಾರಕ್ಕೊಮ್ಮೆ, ಸೊಂಟ ಬಿಡುವಷ್ಟು.
ಒಂದು ಸಲ ಸ್ಟೀಲಿನ ಚಮಚ ಸಿಕ್ಕಿತು,
ಹಿಡಿಯಲ್ಲಿ ಚುಕ್ಕಿ ಚುಕ್ಕಿ ಅಕ್ಷರ: ವಾರಿಜ.
ತೊಳೆದು ಕಿಟಕಿಯಲ್ಲಿಟ್ಟಳು.
ಯಾರೂ ಕೇಳಿಕೊಂಡು ಬರಲಿಲ್ಲ.
ಈಗ ಅದರಲ್ಲೇ ನಮ್ಮ ಚಾಕ್ಕೆ ಸಕ್ಕರೆ.

ನಲವತ್ತೆಂಟನೆಯ ದಿನ
ಕೈ ಮಗುಚಿ ಒಳಗಿಟ್ಟವಳು
ಬಹಳ ಹೊತ್ತು ತೆಗೆಯಲಿಲ್ಲ.
"ತಣ್ಣಗಾಯಿತು," ಎಂದಳು.
ನನ್ನ ಕೈಯನ್ನೂ ಹಿಡಿದು ಪಕ್ಕದಲ್ಲಿಟ್ಟಳು.
ಆ ಮಾತನ್ನು ಆಗೆಲ್ಲ
ಮೊದಲು ಯಾರಿಗೆ ಹೇಳುತ್ತಿದ್ದಳೆಂದು
ನಾನು ಕೇಳಲಿಲ್ಲ.

ಒಂದು ಹಿಡಿ ಮೂಗಿಗೆ ಹಿಡಿದೆ.
ಮೀನಿಲ್ಲ. ಮದುವೆಯಿಲ್ಲ.

ಜರಡಿ ಹಿಡಿದು, ಹತ್ತು ಕಿಲೋದ ಚೀಲ ತುಂಬಿದೆವು,
ನನ್ನ ಹೊಲಿಗೆ ಓರೆ.
ಮೂರನೇ ಮಾಳಿಗೆಯವರ ಫೋನು:
ಬಾಲ್ಕನಿಯ ಬಸಳೆಗೆ ಸ್ವಲ್ಪ ಬೇಕಂತೆ.
"ಕೊಡು," ಎಂದಳು ಸೆಲೆಸ್ಟಿನ್ ಬಾಯಿ,
ಉಗುರಿನ ಕಪ್ಪು ಕಡ್ಡಿಯಲ್ಲಿ ಕೆರೆಯುತ್ತ,
"ತೊಟ್ಟೆಯಲ್ಲಿ ಬೇಡ.
ಬಕೆಟ್ ಹಿಡಿದುಕೊಂಡು ಬರಲಿ."