ಷರಾ

ಸೀಮೆಸುಣ್ಣದ ಡಬ್ಬಿಗೆ ಒರಗಿಸಿಟ್ಟ ಫೋನು,
ಅದರೊಳಗೆ ಶಿವಮೊಗ್ಗದ ಕಚೇರಿಯಲ್ಲಿ ಕೂತ ಮೇಡಂ.
ರಿಪ್ಪನ್‌ಪೇಟೆ ಶಾಲೆ, ಐದನೇ ಕ್ಲಾಸು, ಭಿನ್ನರಾಶಿ.

ಸಿಗ್ನಲ್ ಸಿಗುವುದು ಕಿಟಕಿ ಮಗ್ಗುಲಲ್ಲಿ ಮಾತ್ರ;
ಅಲ್ಲಿಂದ ಕಾಣುವುದು ಬೋರ್ಡು, ನಾನು, ಮುಂದಿನೆರಡು ಬೆಂಚು.
ಇಸ್ತ್ರಿ ಮುರಿಯದ ಸೀರೆಯಲ್ಲಿ
ಅಷ್ಟಗಲದಲ್ಲೇ ನಲವತ್ತು ನಿಮಿಷ ನಿಂತೆ,
ಸೆರಗೂ ಆಚೆ ಹೋಗದಂತೆ.

ದಿನಾ ನಾನು ಕೂರುವುದು ಹಿಂದೆ,
ಚೌಡೇಶನ ಪಕ್ಕ, ನೆಲದ ಮೇಲೆ.
ಅಕ್ಕಿರೊಟ್ಟಿ ಮುರಿದರೆ ಅರ್ಧ, ಕಾಲು ಅವನಿಗೆ ತಿಳಿಯುತ್ತೆ;
ಗೆರೆಯ ಮೇಲೊಂದು ಕೆಳಗೊಂದು ಬರೆದರೆ ಇಲ್ಲ.
ಇವತ್ತು ನನ್ನನ್ನು ನೋಡಿದ,
ಬೇರೆ ಊರಿನ ಟೀಚರನ್ನು ನೋಡುವ ಹಾಗೆ.

ಸಂಜೆ ಬಂತು ಷರಾ:
ಧ್ವನಿ ಸ್ಪಷ್ಟ. ಬೋರ್ಡಿನ ಬಳಕೆ ಉತ್ತಮ.
ಕೆಳಗೆ ಸಣ್ಣದಾಗಿ,
'ಪ್ರಶ್ನೆ ಕೇಳಿ, ಉತ್ತರವನ್ನೂ ನೀವೇ ಹೇಳುತ್ತೀರಿ.'

ಸೊಪ್ಪು ಸೋಸುತ್ತ ಬೈದೆ.
ರಾತ್ರಿ ಲೆಕ್ಕ ಹಾಕಿದೆ: ಹದಿನೇಳು ವರ್ಷ.
ಹೌದು, ಒಮ್ಮೆಯೂ ಕಾದಿಲ್ಲ.

ಬೆಳಿಗ್ಗೆ ಫೋನು ಬ್ಯಾಗಿನಲ್ಲಿ.
'ಅರ್ಧದಲ್ಲಿ ಅರ್ಧ ಎಷ್ಟು?'
ಕೇಳಿ, ಬಾಯಿ ಮುಚ್ಚಿಕೊಂಡೆ.
ಫ್ಯಾನು ಕಿರುಗುಟ್ಟಿತು. ಯಾರೋ ಕೆಮ್ಮಿದರು.
ಏಳು, ಎಂಟು, ಒಂಬತ್ತು...
ಕ್ಯಾಮೆರಾಕ್ಕೆ ಸಿಗದ ಆ ಮೂಲೆಯಿಂದ
ಒಂದು ಕೈ ಅರ್ಧ ಎದ್ದು,
ಇಳಿಯಲೋ ಬೇಡವೋ ಎಂದು
ನಿಂತಿತು.